ಮೇಷ್ಟ್ರ ಗೇರಿನ ಅಭ್ಯಾಸ

ನಿವೃತ್ತ ಟೈಪಿಂಗ್ ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ದೋಣಿ ಯಾಕೆ ಬೇಕಿತ್ತು ಎಂದರೆ, ಅದಕ್ಕೆ ಕಾರಣ ಭಾವ. ಹೆಂಡತಿಯ ಅಣ್ಣನಾದ ಈ ಭಾವ ಒಂದು ದಿನ ಊಟದ ನಡುವೆ, "ನಮ್ಮ ಮೇಷ್ಟ್ರಿಗೆ ಸೈಕಲ್ಲು ತಿರುಗಿಸೋಕೂ ಬರಲ್ಲ" ಎಂದು ನಕ್ಕಿದ್ದ. ಹೆಂಡತಿಯೂ ನಕ್ಕಿದ್ದಳು. ಅದು ಮೇಷ್ಟ್ರ ಮನಸ್ಸಿನಲ್ಲಿ ಮುಳ್ಳಾಗಿ ಕೂತಿತು. ಹಳೆಯದೊಂದು ಮೋಟಾರು ದೋಣಿ ಕೊಂಡರು. ಇಬ್ಬರನ್ನೂ ಕೂರಿಸಿಕೊಂಡು ಒಂದು ಸುತ್ತು ಹೊಡೆದು ಭಾವನ ಬಾಯಿ ಮುಚ್ಚಿಸಬೇಕು, ಅಷ್ಟೇ.

ತೇಪೆ, ಬಣ್ಣ ಎಂದು ದೋಣಿ ಎರಡು ತಿಂಗಳು ದುರಸ್ತಿ ಅಂಗಳದಲ್ಲೇ ನಿಂತಿತು. ಎಂಜಿನ್ನು ಅದರ ಹೊಟ್ಟೆಯೊಳಗೆ. ಗೇರೂ, ನೀರು ತಳ್ಳುವ ಫ್ಯಾನೂ ಹಿಂಬದಿಯಲ್ಲಿ ಹೊರಗೆ. ಇದನ್ನ ಸ್ಟರ್ನ್‌ಡ್ರೈವ್ ಅಂತಾರೆ ಎಂದ ಮೆಕ್ಯಾನಿಕ್ ಒಂದು ಮಾತು ಒತ್ತಿ ಹೇಳಿದ.

"ಸಾರ್, ಎಂಜಿನ್ ಆಫ್ ಇದ್ದಾಗ ಗೇರ್ ಹಾಕಬೇಡಿ. ಒಳಗೆ ಹಲ್ಲಿಗೆ ಹಲ್ಲು ಕೂರಲ್ಲ. ಹಾಕಲೇಬೇಕು ಅಂದ್ರೆ ಒಬ್ರು ಹಿಂದೆ ನಿಂತು ಫ್ಯಾನನ್ನ ಕೈಲಿ ಮೆಲ್ಲಗೆ ತಿರುಗಿಸ್ಬೇಕು, ಆಗ ತಾನಾಗೇ ಬೀಳತ್ತೆ. ಅಪ್ಪಿತಪ್ಪಿ ಎಂಜಿನ್ ಚಾಲೂ ಆಗದ ಹಾಗೆ ಕೀಲಿ ಮಾತ್ರ ಫ್ಯಾನು ಮುಟ್ಟೋರ ಹತ್ರಾನೇ ಇರಲಿ. ಅಮ್ಮಾವ್ರನ್ನ ಕರ್ಕೊಂಡು ಬನ್ನಿ."

ಅಮ್ಮಾವ್ರನ್ನು ಕರೆಯುವುದೆಂದರೆ ಸಂಜೆಯೊಳಗೆ ಭಾವನಿಗೆ ಸುದ್ದಿ ಮುಟ್ಟಿಸಿದಂತೆ. ಮೇಷ್ಟ್ರು ವಾಕಿಂಗ್ ಎಂದು ಹೇಳಿ ದಿನಾ ಒಬ್ಬರೇ ಬಂದರು. ಕೈಗೆ ಕಣ್ಣಿನ ಹಂಗಿರಬಾರದು ಎಂದು ಮೂವತ್ತು ವರ್ಷ ಪಾಠ ಹೇಳಿದವರು. ಕಣ್ಣು ಮುಚ್ಚಿ, ಸೀಟಿನ ಪಕ್ಕದ ಗೇರಿನ ಹಿಡಿಯನ್ನು ಮುಂದೆ, ನಡುವೆ, ಹಿಂದೆ ಎಂದು ಅರವತ್ತು ಸಲ ತಳ್ಳಿದರು. ಹಿಡಿ ಮೊಂಡು ಹಿಡಿದರೆ ಎರಡು ಕೈ ಹಾಕಿದರು. ಎರಡನೇ ತಿಂಗಳಿಗೆ ಅದು ಬೆಣ್ಣೆಯಂತೆ ಸರಿಯತೊಡಗಿತು. ಅಭ್ಯಾಸ ಅಂದ್ರೆ ಇದು ಎಂದು ಮೇಷ್ಟ್ರು ಬೀಗಿದರು.

ದೋಣಿ ನೀರಿಗಿಳಿದ ಬೆಳಿಗ್ಗೆ ಭಾವ ಲೈಫ್ ಜಾಕೆಟ್ ತೊಟ್ಟು ಬಂದ. ಒಂದು ಸಾಲದೆಂದು ಇನ್ನೊಂದನ್ನು ಕೈಯಲ್ಲೂ ಹಿಡಿದಿದ್ದ. ಹೆಂಡತಿ ಅವನ ಪಕ್ಕ ಕೂತಳು. ಮೇಷ್ಟ್ರು ಎಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ, ಹಿಡಿಯನ್ನು ಮುಂದಕ್ಕೆ ಸರಿಸಿದರು. ಎಂಜಿನ್ ಊರಿಗೆಲ್ಲ ಕೇಳುವಂತೆ ಅರಚಿತು. ದೋಣಿ ಮಿಸುಕಲಿಲ್ಲ.

"ಹೊರಟ್ವಾ?" ಎಂದ ಭಾವ.

ದಡದಲ್ಲಿದ್ದ ಮೆಕ್ಯಾನಿಕ್ ದೋಣಿಗೆ ಹತ್ತಿ ಎಂಜಿನ್ ನಿಲ್ಲಿಸಿದ. ಮುಚ್ಚಳ ತೆಗೆದು, ಹಿಡಿಯಿಂದ ಗೇರಿಗೆ ಹೋಗುವ, ಸೊಟ್ಟಗಾಗಿದ್ದ ಕೇಬಲನ್ನು ಎಳೆದು ತೋರಿಸಿದ. "ಎಂಜಿನ್ ಆಫ್ ಇದ್ದಾಗ ಇದನ್ನ ತಳ್ಳಿದ್ದು ಯಾರು?"

ಮೇಷ್ಟ್ರು ಹಿಡಿಯಿಂದ ಕೈ ತೆಗೆದರು.

"ನಾನೇ," ಎಂದಳು ಹೆಂಡತಿ. "ಧೂಳು ಒರೆಸೋಕೆ ಬಂದಾಗ ಸುಮ್ನೆ ಆಡಿಸ್ದೆ." ಅವಳು ದೋಣಿಗೆ ಮೊದಲ ಸಲ ಕಾಲಿಟ್ಟಿದ್ದೇ ಅವತ್ತು.

ಭಾವ ತಂಗಿಗೆ ಬುದ್ಧಿ ಹೇಳತೊಡಗಿದ. ಗೇರಿನ ಗಂಧಗಾಳಿ ಇಲ್ಲದವನು ಗೇರಿನ ಬಗ್ಗೆಯೇ ಹತ್ತು ನಿಮಿಷ ಕೊರೆದ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಮೇಷ್ಟ್ರಿಗೆ ಮೊದಲು ಹಾಯೆನಿಸಿತು. ಆಮೇಲೆ ಆ ಹಾಯಿಗೇ ನಾಚಿಕೆಯಾಯಿತು.

"ಅವಳಲ್ಲ, ನಾನು," ಎಂದರು. "ದಿನಾ ಅರವತ್ತು ಸಲ. ಎರಡು ತಿಂಗಳು."

ಭಾವ ಮೇಷ್ಟ್ರ ಕೈ ಹಿಡಿದುಕೊಂಡ. ಅವನ ಕಣ್ಣು ತೇವವಾಯಿತು. "ಹೆಂಡ್ತಿ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಂಡ್ರಲ್ಲ ಮೇಷ್ಟ್ರೆ. ಇಷ್ಟು ವರ್ಷ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ."

ಮೇಷ್ಟ್ರು ಆಣೆ ಮಾಡಿದರು. ಭಾವನ ಗೌರವ ಇನ್ನೂ ಹೆಚ್ಚಿತು. ಇನ್ನೊಂದು ಆಣೆಗೆ ಅವನು ಅಪ್ಪಿಕೊಂಡೇಬಿಟ್ಟ.

ಅವನು ಹೋದ ಮೇಲೆ ಹೆಂಡತಿ ಮೆಲ್ಲಗೆ ಹೇಳಿದಳು: "ವಾಕಿಂಗ್ ಹೋದೋರ ಅಂಗೈಲಿ ದಿನಾ ಗ್ರೀಸು. ನನ್ನನ್ನ ಒಂದು ಮಾತು ಕರೀಬಹುದಿತ್ತು."

ಭಾವನ ನಗೆಗಿಂತ ಈ ಮಾತು ಮೇಷ್ಟ್ರಿಗೆ ಹೆಚ್ಚು ನೋವು ಮಾಡಿತು.

ದೋಣಿ ಮತ್ತೆ ಅಂಗಳ ಸೇರಿತು. ಹೊಸ ಕೇಬಲ್ ಬಂತು. ಮೆಕ್ಯಾನಿಕ್ ಫ್ಯಾನು, ಕೀಲಿಯ ಮಾತನ್ನು ಇಬ್ಬರಿಗೂ ಮತ್ತೊಮ್ಮೆ ಹೇಳಿ, ಗೇರ್ ಬೀಳುತ್ತದೋ ಇಲ್ಲವೋ ನೋಡಿ ಎಂದಾಗ ಹೆಂಡತಿ ಹಿಂದೆ ಹೋಗಿ ನಿಂತು ಕೈ ಚಾಚಿದಳು.

"ಕೀಲಿ ಕೊಡಿ."

ಮೇಷ್ಟ್ರು ಕೊಟ್ಟರು. ಅವಳು ಅದನ್ನು ಕೈಚೀಲಕ್ಕೆ ಹಾಕಿ ಜಿಪ್ ಎಳೆದು, ಫ್ಯಾನನ್ನು ನಿಧಾನವಾಗಿ ತಿರುಗಿಸಿದಳು. ಮೇಷ್ಟ್ರು ಒಂದೇ ಬೆರಳಲ್ಲಿ ಹಿಡಿಯನ್ನು ಒತ್ತಿದರು. ಟಕ್ ಎಂದು ಬಿತ್ತು. ಎರಡು ತಿಂಗಳಲ್ಲಿ ಒಮ್ಮೆಯೂ ಕೇಳದ ಸದ್ದು ಅದು.

"ಇನ್ನೊಂದ್ಸಲ?" ಎಂದರು ಮೇಷ್ಟ್ರು.

ಅವಳು ಇನ್ನೊಂದು ಸಲ ತಿರುಗಿಸಿದಳು. ಕೀಲಿಯನ್ನು ಅವಳು ವಾಪಸ್ಸು ಕೊಡಲಿಲ್ಲ, ಅವರೂ ಕೇಳಲಿಲ್ಲ.