ಅಭಿಷೇಕದ ಬಾವಿಗೆ ಮೀನು

ಮಹಾರಾಜರ ಕಾಲದ ಮಾತು. ಹೆಗ್ಗಡದೇವನಕೋಟೆ ಸೀಮೆಯ ಹಳ್ಳಿಗಳಲ್ಲಿ ಚಳಿಜ್ವರ ಕರೆಯದ ನೆಂಟನ ಹಾಗೆ ಬಂದು ಕೂರುತ್ತಿತ್ತು. ಒಂದು ದಿನ ನಡುಕ, ಒಂದು ದಿನ ಬಿಡುವು, ಮತ್ತೆ ನಡುಕ. ಹೀಗೇ ನಡೆದರೆ ಮಗುವಿನ ಎಡಪಕ್ಕೆಯ ಕೆಳಗೆ ಗಟ್ಟಿಯಾದ ಗೆಡ್ಡೆ ಕೈಗೆ ಸಿಗುತ್ತಿತ್ತು. ಜ್ವರಗೆಡ್ಡೆ ಎಂದು ಅದರ ಹೆಸರು. ಕಾದ ಕಬ್ಬಿಣದಿಂದ ಹೊಟ್ಟೆಗೆ ಬರೆ ಎಳೆಯುವುದೇ ಅದಕ್ಕೆ ಮದ್ದು.

ಪುಟ್ಟಸಿದ್ದಮ್ಮನ ಮೊಮ್ಮಗಳು ಚೆಲುವಿಗೂ ಗೆಡ್ಡೆ ಕಟ್ಟಿತ್ತು. ಹಿಂದೆ ಇದೇ ಗೆಡ್ಡೆಯಲ್ಲಿ ಪುಟ್ಟಸಿದ್ದಮ್ಮ ಒಬ್ಬ ಮಗಳನ್ನು ಮಣ್ಣು ಮಾಡಿದ್ದಳು. ಆ ಮಗುವಿಗೂ ಬರೆ ಹಾಕಿಸಿದ್ದಳು. ಅದಕ್ಕೇ ಈ ಸಲ ಬರೆಯ ಮಾತು ಬಂದಾಗಲೆಲ್ಲ "ನಾಳಿಕ್ ನೋಡಾನ" ಎಂದು ದಿನ ನೂಕುತ್ತಿದ್ದಳು.

ಅಷ್ಟರಲ್ಲಿ ಆರೋಗ್ಯ ಇಲಾಖೆಯ ಗೋವಿಂದಯ್ಯನವರು, ಹಣೆಗೆ ನಾಮ ಇಟ್ಟವರು, ಕೋಟೆಯಿಂದ ಊರಿಗೆ ಬಂದರು. ಈಶ್ವರನ ಗುಡಿಯ ಜಗುಲಿಯ ಮೇಲೆ ಮಕ್ಕಳನ್ನು ಮಲಗಿಸಿ ಒಬ್ಬೊಬ್ಬರ ಹೊಟ್ಟೆ ಒತ್ತಿ ನೋಡಿದರು. ಚೆಲುವಿಯ ಪಕ್ಕೆಯಲ್ಲಿ ಅವರ ಕೈ ನಿಂತಿತು.

"ಬರೆ ಹಾಕಿಸಬೇಡಿ ತಾಯಿ. ಚರ್ಮ ಸುಡುತ್ತೆ, ಜ್ವರ ಸುಡಲ್ಲ. ಇದು ಕ್ವಿನೈನು ಮಾತ್ರೆ. ನಡುಕ ನಿಂತಿತು ಅಂತ ಬಿಡದೆ, ಹೇಳಿದಷ್ಟು ದಿನ ಕೊಡಿ."

"ಮಾತ್ರೆ ಕಯಿ ಅಂತ ಉಗೀತಳೆ, ಬುದ್ಧಿ."

"ಹಿಂದೇನೇ ಬೆಲ್ಲ ಕೊಡಿ."

ಆಮೇಲೆ ಗುಡಿಯ ಬಾವಿಯಿಂದ ನೀರು ಸೇದಿಸಿ ಬಿಳಿ ತಟ್ಟೆಗೆ ಸುರಿದು ತೋರಿಸಿದರು. ಸಣ್ಣ ಸಣ್ಣ ಹುಳುಗಳು ಮಿಡುಕಾಡುತ್ತಿದ್ದವು.

"ಇವೇ ರೆಕ್ಕೆ ಬಂದು ಸೊಳ್ಳೆ ಆಗೋದು. ಜ್ವರದವರನ್ನ ಕಚ್ಚಿದ ಸೊಳ್ಳೆ ಆಮೇಲೆ ನಿಮ್ಮ ಕೂಸನ್ನ ಕಚ್ಚಿದರೆ ಜ್ವರ ಅಂಟುತ್ತೆ. ಬಾವಿಗೆ ಸಣ್ಣ ಮೀನು ಬಿಟ್ಟರೆ ಈ ಹುಳು ತಿಂದುಹಾಕುತ್ತವೆ."

ಪುಟ್ಟಸಿದ್ದಮ್ಮ ಸೆರಗು ಕೊಡವಿ ಎದ್ದಳು. ಆ ಗುಡಿಯ ಪೂಜೆ ಅವರ ಮನೆಯದು. ಗಂಡನ ನಂತರ ಮಗ ಶಿವನಂಜಪ್ಪ ಮಾಡುತ್ತಿದ್ದ. ಲಿಂಗದ ಮೇಲೆ ಬೀಳುತ್ತಿದ್ದುದು ಆ ಬಾವಿಯ ನೀರೇ. ಮೀನಿನ ಹೆಸರನ್ನೂ ಆ ಮನೆಯಲ್ಲಿ ಎತ್ತುತ್ತಿರಲಿಲ್ಲ.

"ನಿಮ್ ದ್ಯಾವ್ರು ಮೀನಾಗೇ ಉಟ್ಟಿದ್ದೋನು, ಗೋವಿಂದಯ್ನೋರೆ. ನಿಮ್ಗೆ ಮೈಲ್ಗೆ ಕಾಣಾಕಿಲ್ಲ. ನಮ್ ಸಿವಪ್ಪನ ತಲೆ ಮ್ಯಾಲೆ ಮೀನ್ ನೀರು ಉಯ್ಯಕಾಯ್ತದಾ? ಮಾತ್ರೆ ಕೊಟ್ಬುಟ್ಟು ಓಗಿ."

ಗೋವಿಂದಯ್ಯನವರು ನಕ್ಕರು. "ಮಾತ್ರೆ ತಗೊಳಿ. ಮೀನು ಬೇಕಾದಾಗ ಹೇಳಿ ಕಳಿಸಿ."

ಚೆಲುವಿ ಅಳುತ್ತಲೇ ಮಾತ್ರೆ ನುಂಗಿದಳು. ಜ್ವರ ಬಿಟ್ಟಿತು. ತಾನೇ ಮುದ್ದೆ ಕೇಳಿ ಹಾಕಿಸಿಕೊಂಡಳು. "ಮಾತ್ರೆ ಸಾಕು ಕಣ್ರವ್ವ, ಮೀನೂ ಬ್ಯಾಡ ಗೀನೂ ಬ್ಯಾಡ" ಎಂದು ಪುಟ್ಟಸಿದ್ದಮ್ಮ ಬೀದಿಗೆಲ್ಲ ಸಾರಿದಳು.

ತಿಂಗಳು ತುಂಬುವುದರೊಳಗೆ ಒಂದು ಮಧ್ಯಾಹ್ನ ಚೆಲುವಿ ಬಿಸಿಲಲ್ಲಿ ಕುಳಿತು ಹಲ್ಲು ಕಟಕಟಿಸತೊಡಗಿದಳು.

ಕಂಬಳಿ ಹೊದಿಸುತ್ತ ಪುಟ್ಟಸಿದ್ದಮ್ಮ ಸೊಸೆಯ ಮೇಲೆ ರೇಗಿದಳು. "ಮಾತ್ರೆ ಸರ್ಯಾಗಿ ಕೊಟ್ಟಿದ್ದೇನೇ ರಾಚಿ?"

"ಒಂದೂ ಬುಡದೆ ಕೊಟ್ಟಿವ್ನಿ ಅತ್ತೆಮ್ಮ. ಸೊಳ್ಳೆ ತಿರುಗ ಕಚ್ಚುದ್ರೆ ಆ ಮಾತ್ರೆ ಏನ್ ಮಾಡೀತು?"

ರಾಚಮ್ಮ ಎಂದೂ ಎದುರಾಡಿದವಳಲ್ಲ. ಅವಳ ತವರು ಕಾವೇರಿ ದಂಡೆಯ ರಾಮನಾಥಪುರದ ಹತ್ತಿರ. ಮಗುವಿನ ಅಂಗಾಲು ಉಜ್ಜುತ್ತ, ತಲೆ ಎತ್ತದೆ ಹೇಳಿದಳು:

"ನನ್ ಮದ್ವೆಗೆ ಬಂದಾಗ ರಾಮನಾಥಪುರದಲ್ಲಿ ಕಾವೇರಿ ಮಿಂದ್ರಲ್ಲ. ದ್ಯಾವ್ರ ಮೀನು ಅಂತ ಪುರಿ ಆಕುದ್ರಲ್ಲ."

"ಊಂ, ಕೈನೂ ಮುಗ್ದೆ. ಅದ್ಕೇನೀಗ?"

"ಆ ನೀರ್ನೇ ಅಲ್ವಾ ಅಲ್ಲಿ ಸಿವ್ನಿಗೂ ಉಯ್ಯಾದು? ಅಲ್ಲಿಲ್ದಿದ್ ಮೈಲ್ಗೆ ನಮ್ ಬಾವಿಗೆ ಎಲ್ಲಿಂದ ಬತ್ತದೆ? ಈ ಉಳದ ನೀರ್ನ ದಿನಾ ಉಯ್ತಾವ್ರಲ್ಲ ನಿಮ್ ಮಗ, ಅದು ಮಡಿಯಾ ಅತ್ತೆಮ್ಮ?"

ಪುಟ್ಟಸಿದ್ದಮ್ಮ ಕಂಬಳಿಯೊಳಗೆ ಕೈ ಹಾಕಿ ಚೆಲುವಿಯ ಪಕ್ಕೆ ಮುಟ್ಟಿದಳು. ಗೆಡ್ಡೆ ಅಲ್ಲೇ ಇತ್ತು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಮಗನನ್ನು ಕೂಗಿದಳು.

"ಸಿವನಂಜ, ಕ್ವಾಟೆಗೆ ಓಗ್ಲಾ. ಗೋವಿಂದಯ್ನೋರ್ಗೆ ಮಾತ್ರೆನೂ ತರಾಕೇಳು, ಮೀನ್ನೂ ತರಾಕೇಳು."

"ಊರವ್ರು ಏನಂದಾರು ಕಣವ್ವ?"

"ಅನ್ನೋರ್ ಮನೆ ಕೂಸ್ಗೂ ಗೆಡ್ಡೆ ಅದೆ. ನಾನ್ ಮಾತಾಡ್ತೀನಿ, ನೀ ನಡಿ."

ಸೋಮವಾರ ಮೀನು ಬಂದವು. ಗಡಿಗೆಯನ್ನು ಅವಳೇ ಎತ್ತಿ ಬಾವಿಗೆ ಬಗ್ಗಿಸಿದಳು. ಊರವರು ದೂರ ನಿಂತು ನೋಡುತ್ತಿದ್ದರು. ಅದೇ ಬಾವಿಯಿಂದ ಒಂದು ಬಿಂದಿಗೆ ಸೇದಿ, ಬಟ್ಟೆಯಲ್ಲಿ ಸೋಸಿ ಮಗನ ಕೈಗಿತ್ತು, "ಉಯ್ಯಿ ಮಗ" ಎಂದಳು. ಶಿವನಂಜಪ್ಪ ಲಿಂಗಕ್ಕೆ ಎರೆದ. ಅದನ್ನು ಕಂಡ ಮೇಲೆ ಗೋಡೆಗೆ ಮಣ್ಣು ತೆಗೆದು ಹಾಗೇ ಬಿಟ್ಟು ನೀರು ನಿಂತಿದ್ದ ಗುಂಡಿಗಳನ್ನೂ ಗಂಡಸರು ಮುಚ್ಚಿದರು. ಚೆಲುವಿಗೆ ಎರಡನೆಯ ಸಲದ ಮಾತ್ರೆಯೂ ಮುಗಿಯಿತು.

ಮುಂದಿನ ಮಳೆಗಾಲ ಕಳೆದು ಗೋವಿಂದಯ್ಯನವರು ಬಂದು ಹೊಟ್ಟೆ ಒತ್ತಿದಾಗ ಚೆಲುವಿ ಕಚಗುಳಿ ತಾಳದೆ ನಕ್ಕು ಹೊರಳಿದಳು. ಅವರ ಬೆರಳಿಗೆ ಏನೂ ಸಿಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಅಂದು ಹೊಟ್ಟೆ ಒತ್ತಿ ಹುಡುಕುತ್ತಿದ್ದ ಜ್ವರವನ್ನು ಇಂದು ಬೆರಳ ತುದಿಯ ಹನಿ ರಕ್ತ ಹೇಳುತ್ತದೆ. ಚಳಿಜ್ವರ ಬಂದರೆ ತಡಮಾಡದೆ ಪರೀಕ್ಷೆ ಮಾಡಿಸಿ. ನಡುಕ ನಿಂತರೂ ಕೊಟ್ಟ ಮಾತ್ರೆ ಪೂರ್ತಿ ನುಂಗಿ. ಆಶಾ ಕಾರ್ಯಕರ್ತೆ ನಿಮ್ಮ ತೊಟ್ಟಿಯೊಳಗೆ ಇಣುಕಲು ಬಂದರೆ ಬೇಸರಪಡದೆ ನೀವೂ ಜೊತೆಗೆ ಇಣುಕಿ. ಇವತ್ತು ಹೊತ್ತು ಮುಳುಗುವುದರೊಳಗೆ ಹಿತ್ತಲಿಗೊಂದು ಸುತ್ತು ಹೋಗಿ ಬನ್ನಿ. ನಿಂತ ನೀರು ಕಂಡರೆ ಚೆಲ್ಲಿ, ಚೆಲ್ಲಲಾಗದ್ದನ್ನು ಮುಚ್ಚಿ, ಮುಚ್ಚಲಾಗದ ಬಾವಿಗೆ ಆಸ್ಪತ್ರೆಯವರನ್ನು ಕೇಳಿ ಮೀನು ಬಿಡಿಸಿ.