ಕೆಂಪು ಸುತ್ತು

ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳ ದೋಷ ಹುಡುಕುವುದು ಚಿದಂಬರನ ಕೆಲಸ. ದೋಷ ಕಂಡಲ್ಲಿ ಕೆಂಪು ಮಾರ್ಕರಿನಿಂದ ಸುತ್ತು ಹಾಕುತ್ತಾನೆ. ತಿಂಗಳಿಗೊಮ್ಮೆ ನಾಸಿಕದಲ್ಲಿ ಸೇರುವ ಕನ್ನಡಿಗ ಹವ್ಯಾಸಿಗಳ ಫೋಟೊ ಬಳಗದಲ್ಲೂ ಅವನದು ಅದೇ ಚಾಳಿ.

ಕಳೆದ ಸಲ ಬೀದರ್ ಕಡೆಯ ಕಸ್ತೂರಿಬಾಯಿ ತಮ್ಮ ಮೊದಲ ಫೋಟೊ ತಂದಿದ್ದರು. ಅಂಗಳದಲ್ಲಿ ಒಣಹಾಕಿದ ಶಾವಿಗೆಯ ಪಕ್ಕ ಕೂತ ಮೊಮ್ಮಗಳು. ಅವಳ ಮೇಲೆ, ಮೊಬೈಲು ಎತ್ತಿ ಹಿಡಿದ ಅಜ್ಜಿಯ ನೆರಳು. ಚಿದಂಬರ ಆ ನೆರಳಿಗೆ ಸುತ್ತು ಹಾಕಿ, "ಇದು ದೊಡ್ಡ ತಪ್ಪು ನೋಡ್ರಿ ಅಕ್ಕಾರ" ಎಂದಿದ್ದ. ಆಕೆ ತಲೆಯಾಡಿಸಿ, ಸೆರಗಿನ ತುದಿಯಿಂದ ಶಾಯಿ ಒರೆಸಲು ನೋಡಿದರು. ಹೋಗಲಿಲ್ಲ.

ಒರೆಸುತ್ತಿದ್ದ ಆ ಕೈ ತಿಂಗಳಿಡೀ ಅವನನ್ನು ಚುಚ್ಚಿತು. ಇನ್ನೊಬ್ಬರ ಮನೆಯ ಮಗುವಿನ ಮೇಲೆ ಗೀಚಲು ತಾನು ಯಾವ ದೊಣ್ಣೆನಾಯಕ? ಕ್ಷಮೆ ಕೇಳಲೇಬೇಕೆಂದು ಈ ಸಲ ಬೇಗನೆ ಬಂದ.

ಅವನು ಬಾಯಿ ತೆರೆಯುವ ಮೊದಲೇ ಕಸ್ತೂರಿಬಾಯಿ ಹೊಸ ಪ್ರಿಂಟು ಮುಂದಿಟ್ಟರು. ಅದೇ ಅಂಗಳ, ಅದೇ ಹುಡುಗಿ. ನೆರಳಿಲ್ಲ. ಬಿಸಿಲು ನೇರ ಮುಖಕ್ಕೆ ಬಡಿದು ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಹಳೆಯ ಫೋಟೊದಲ್ಲಿ ಅವಳು ಕಣ್ಣರಳಿಸಿ ಅಜ್ಜಿಯನ್ನೇ ನೋಡುತ್ತಿದ್ದಳೆಂಬುದು ಅವನಿಗೆ ಈಗ ನೆನಪಾಯಿತು.

"ನೀವು ಹೇಳಿದ್ದು ಖರೇ ಅದರಿ ಸರ. ನೆಳ್ಳು ಬೇಕಂತ ಅಕಿ ಅತ್ತಳು. ಆದರೂ ನಾ ಬಾಜೂಕ ಸರದು ನಿಂತೆ."

ಕಸ್ತೂರಿಬಾಯಿ ಮೇಜಿನ ಮೇಲಿದ್ದ ಕೆಂಪು ಮಾರ್ಕರನ್ನು ತಾವೇ ಎತ್ತಿ ಅವನ ಕೈಗಿಟ್ಟರು.

"ಇನ್ನೇನರ ತಪ್ಪು ಉಳದದ ಏನ್ರಿ?"