ಏಳು ತಿಂಗಳ ಡ್ಯೂಟಿ

ಅನುಮಾನ ಪಡುವುದರಲ್ಲಿ ಗಂಗಲಕ್ಷ್ಮಮ್ಮನನ್ನು ಮೀರಿಸುವವರು ಕ್ಯಾತ್ಸಂದ್ರದಲ್ಲೇ ಇರಲಿಲ್ಲ. ಹಾಲಿನವನು ನೀರು ಬೆರೆಸಿದರೆ ಬೈಯುತ್ತಿದ್ದಳು. ಬೆರೆಸದಿದ್ದರೆ, ಇವತ್ತೇಕೆ ಬೆರೆಸಿಲ್ಲ ಎಂದು ಯೋಚನೆಗೆ ಬೀಳುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಠದ ರಸ್ತೆಯಲ್ಲಿ ಹೂವು ಮಾರಿ ಮಗಳನ್ನು ಓದಿಸಿದವಳು. ಒಂಟಿ ಹೆಂಗಸು ಎಲ್ಲರನ್ನೂ ನಂಬಿಕೊಂಡು ಕೂತರೆ ಬದುಕು ಸಾಗುತ್ತದೆಯೇ ಎಂಬುದು ಅವಳ ವಾದ. ಅದನ್ನು ತಪ್ಪೆನ್ನಲೂ ಆಗುವುದಿಲ್ಲ, ಬಿಡಿ.

ಆದರೆ ಆ ಅನುಮಾನದ ಮುಕ್ಕಾಲು ಪಾಲು ಎದುರು ಮನೆಯ ಮಹಾಲಕ್ಷ್ಮಮ್ಮನಿಗೇ ಮೀಸಲು. ಬೆಳಗ್ಗೆ ಎಂಟಾಯಿತೆಂದರೆ ಆಕೆ ಬಾಗಿಲಲ್ಲಿ ಸೊಪ್ಪು ಸೋಸುತ್ತಾ ಕೂತಿರುತ್ತಿದ್ದಳು. ಗಂಗಲಕ್ಷ್ಮಮ್ಮನ ಮಗಳು ಹೇಮಶ್ರೀ ಹೊಸ್ತಿಲು ದಾಟಿದಳೋ ಇಲ್ಲವೋ, ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದಳು.

"ಏನ್ ಹೇಮಾ, ಡ್ಯೂಟಿಗೆ ಹೊಂಟ್ಯಾ?"

"ಹೂಂ ಆಂಟಿ, ಡ್ಯೂಟಿಗೆ."

ಆ ಪ್ರಶ್ನೆ ಕೇಳಿದಾಗಲೆಲ್ಲ ಇವಳು ಕೆದಕಲಿಕ್ಕೇ ಕೂಗುತ್ತಾಳೆ ಎಂದು ಗಂಗಲಕ್ಷ್ಮಮ್ಮ ಒಳಗೇ ಬೈದುಕೊಳ್ಳುತ್ತಿದ್ದಳು. ಏಕೆಂದರೆ ಹೇಮಶ್ರೀಗೆ ಹೋಗಲು ಯಾವ ಡ್ಯೂಟಿಯೂ ಇರಲಿಲ್ಲ. ಬಿಕಾಂ ಮುಗಿಸಿ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನಾಲ್ಕು ವರ್ಷ ದುಡಿದಿದ್ದಳು. ಮಾರ್ಚ್ ತಿಂಗಳಲ್ಲಿ ಆರ್ಡರ್ ಇಲ್ಲವೆಂದು ಒಂದೇ ದಿನ ನಲವತ್ತು ಜನರನ್ನು ಮನೆಗೆ ಕಳಿಸಿದರು. ಅವರಲ್ಲಿ ಇವಳೂ ಒಬ್ಬಳು. ಅವತ್ತು ಸಂಜೆಯೇ ಗಂಗಲಕ್ಷ್ಮಮ್ಮ ಕದ ಹಾಕಿ ಅಪ್ಪಣೆ ಮಾಡಿದಳು.

"ಬ್ಯಾರೆ ಕೆಲ್ಸ ಆಗೋವರ್ಗೂ ಯಾರ ತಾವೂ ಬಾಯಿ ಬಿಡಬ್ಯಾಡ. ದೃಷ್ಟಿ ತಗುಲಿದ್ರೆ ಆಗೋದೂ ಆಗಾಕಿಲ್ಲ. ಕೆಲ್ಸ ಇಲ್ಲ ಅಂತ ಗೊತ್ತಾದ್ರೆ ಯಾವ ಸಂಬಂಧ ಬತ್ತದೆ?"

ಹಾಗೆ ಶುರುವಾಯಿತು ನಾಟಕ. ಹೇಮಶ್ರೀ ದಿನವೂ ಹಳೆಯ ಐಡಿ ಕಾರ್ಡನ್ನು ಕೊರಳಿಗೆ ಹಾಕಿಕೊಂಡು, ಟಿಫನ್ ಬಾಕ್ಸ್ ಹಿಡಿದು ಬಸ್ಸು ಹತ್ತುವುದು. ತುಮಕೂರಿನ ಲೈಬ್ರರಿಯಲ್ಲಿ ಕೂತು ಫೋನಿನಲ್ಲೇ ಕೆಲಸ ಹುಡುಕುವುದು. ಸಂಜೆ ಆರಕ್ಕೆ ದಣಿದ ಮುಖ ಹೊತ್ತು ಮನೆಗೆ ಬರುವುದು. ಆ ದಣಿವು ಮಾತ್ರ ನಾಟಕವಲ್ಲ.

ಗುಬ್ಬಿಯ ತೆಂಗಿನಕಾಯಿ ಮಂಡಿಯಲ್ಲಿ ಗುಮಾಸ್ತನಾಗಿದ್ದ ಗಂಗಲಕ್ಷ್ಮಮ್ಮನ ತಮ್ಮ ಕೃಷ್ಣಕುಮಾರನಿಗೆ ಮಾತ್ರ ವಿಷಯ ಗೊತ್ತಿತ್ತು. ನಾಲ್ಕಾರು ಹುಡುಗರಿಗೆ ಕೆಲಸದ ದಾರಿ ತೋರಿಸಿದವನು ಅವನು. ಒಂದು ಭಾನುವಾರ ಬಂದವನು ಅಕ್ಕನನ್ನು ಕೂರಿಸಿಕೊಂಡು ಬುದ್ಧಿ ಹೇಳಿದ.

"ಅಕ್ಕಾ, ಬಚ್ಚಿಟ್ಕೊಂಡು ಕುಂತ್ರೆ ಕೆಲ್ಸ ಮನೆ ಹುಡುಕ್ಕೊಂಡು ಬರಲ್ಲ ಕಣಕ್ಕ. ಹತ್ತು ಜನಕ್ಕೆ ಹೇಳ್ಬೇಕು. ಜೊತೇಲಿ ಕೆಲ್ಸ ಮಾಡ್ದೋರಿಗೆ ಫೋನ್ ಮಾಡ್ಲಿ. ಕೆಲ್ಸ ಯಾಕೆ ಹೋಯ್ತು ಅಂತ ಕೇಳಿದ್ರೆ ಇದ್ದಿದ್ದು ಇದ್ದಂಗೆ ಹೇಳ್ಲಿ. ಮುಚ್ಚಿಟ್ಟಿದ್ದು ಒಂದಿನ ಹೊರಗೆ ಬಂದೇ ಬತ್ತದೆ."

"ನಿಂದೇನು, ಗಂಡಸು," ಎಂದು ಗಂಗಲಕ್ಷ್ಮಮ್ಮ ಬಾಯಿ ಮುಚ್ಚಿಸಿದಳು. ಅವನು ಹೊರಡುವಾಗ ಇನ್ನೊಂದು ಮಾತು ಹೇಳಿದ. ಕುಣಿಗಲ್ ಕಡೆ ಒಂದು ಗಂಡಿದೆ, ಒಳ್ಳೆಯ ಜನ. ಆದರೆ ಅವರು ಹೆಣ್ಣು ನೋಡಲು ಬರುವ ಮೊದಲು ಬೀದಿಯಲ್ಲಿ ಯಾರಿಗೂ ತಿಳಿಯದ ಹಾಗೆ ವಿಚಾರಿಸಿಕೊಂಡು ಹೋಗುತ್ತಾರೆ, ಎಂದು. ಅವಳ ಕಿವಿಗೆ ಇಳಿದದ್ದು ಈ ಮಾತೊಂದೇ.

ಅಕ್ಟೋಬರ್‌ನ ಒಂದು ಗುರುವಾರ ಮಧ್ಯಾಹ್ನ ಬೈಕೊಂದು ಬಾಗಿಲಲ್ಲಿ ನಿಂತಿತು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಡೈರಿ, ನಲವತ್ತರ ಆಸುಪಾಸಿನ ಗಂಡಸು.

"ಹೇಮಶ್ರೀ ಅವ್ರ ಮನೆ ಇದೇನಾಮ್ಮ? ರಂಗರಾಜು ಅಂತ, ಕುಣಿಗಲ್‌ನಿಂದ ಬಂದಿದೀನಿ. ಅವ್ರ ಬಗ್ಗೆ ಸ್ವಲ್ಪ ವಿಚಾರಿಸೋದಿತ್ತು."

ಗಂಗಲಕ್ಷ್ಮಮ್ಮನ ಎದೆ ಹಿಗ್ಗಿತು. ಕೂರಿಸಿ ಕಾಫಿ ಕೊಟ್ಟಳು. ಮಗಳ ಗುಣ, ಓದು, ಅಡುಗೆ ಎಲ್ಲವನ್ನೂ ಕೇಳದಿದ್ದರೂ ಹೇಳಿದಳು. ಆತ ಕಾಫಿ ಮುಗಿಸಿ ಕೇಳಿದ: "ಈಗ ಎಲ್ಲಿ ಕೆಲ್ಸ ಮಾಡ್ತಿದಾರೆ?"

"ಅದೇ ಫ್ಯಾಕ್ಟ್ರಿಲೇ. ನಾಲ್ಕು ವರ್ಷ ಆಯ್ತು, ಪರ್ಮನೆಂಟು. ಇವತ್ತೂ ಡ್ಯೂಟಿಗೆ ಹೋಗವ್ಳೆ."

"ಬಿಟ್ಟಿಲ್ವಾ?"

"ಯಾಕ್ ಬುಡ್ತಾಳೆ? ಅವರೇ ಬುಡಾಕಿಲ್ಲ!"

ಆತ ಅವಳ ಮುಖವನ್ನೇ ಒಮ್ಮೆ ನೋಡಿ ಡೈರಿಯಲ್ಲಿ ಏನೋ ಬರೆದುಕೊಂಡ. ಗಂಡಿನ ಕಡೆಯವರು ಹೀಗೆ ಬರೆದುಕೊಳ್ಳುವುದನ್ನು ಅವಳು ಎಲ್ಲೂ ಕಂಡಿರಲಿಲ್ಲ. ಹಾಲಿನವನ ಮೇಲೆ, ತರಕಾರಿಯವನ ಮೇಲೆ ದಿನವೂ ದುಡಿಯುತ್ತಿದ್ದ ಅನುಮಾನ, ಬೇಕಾದ ಹೊತ್ತಿನಲ್ಲೇ ರಜೆ ಹಾಕಿತ್ತು.

ಆತ ಹೊರಗೆ ಬಂದು ನೇರವಾಗಿ ಮಹಾಲಕ್ಷ್ಮಮ್ಮನ ಬಾಗಿಲಿಗೆ ಹೋದ. ಗಂಗಲಕ್ಷ್ಮಮ್ಮ ಕಿಟಕಿಯ ಸಂದಿಯಿಂದ ನೋಡಿದಳು. ಹದಿನೈದು ನಿಮಿಷ ಮಾತು! ಎದುರು ಮನೆಯವಳು ಕೈ ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು, ಆತ ಬರೆದುಕೊಳ್ಳುತ್ತಿದ್ದ. ಕೊನೆಗೆ ಆಕೆ ಒಳಗಿನಿಂದ ಮೊಬೈಲ್ ತಂದು ತನ್ನ ನಂಬರನ್ನೂ ಬರೆಸಿದಳು. 'ಚಾಡಿ ಹೇಳಿದಳು, ಹಾಳಾದವಳು. ನನ್ನ ಮಗಳ ಬಾಳಿಗೆ ಕಲ್ಲು ಹಾಕಿದಳು,' ಎಂದು ಗಂಗಲಕ್ಷ್ಮಮ್ಮ ಹಲ್ಲು ಕಡಿದಳು.

ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಒದರಿದಳು. ಕೇಳುತ್ತಾ ಕೇಳುತ್ತಾ ಹೇಮಶ್ರೀಯ ಮುಖ ಬಿಳಿಚಿಕೊಂಡಿತು.

"ಅಮ್ಮಾ, ಅವ್ರು ಗಂಡಿನ ಕಡೆಯೋರಲ್ಲ. ಕಂಪನಿಯೋರು. ಹೋದ ವಾರ ಕುಣಿಗಲ್‌ಗೆ ಇಂಟರ್‌ವ್ಯೂಗೆ ಹೋಗಿದ್ದೆ. ಮಾವ ಹೇಳ್ದಂಗೆ ಹಳೇ ಸೂಪರ್‌ವೈಸರ್‌ಗೆ ಫೋನ್ ಮಾಡಿದ್ದೆ, ಅವ್ರೇ ಈ ಕೆಲ್ಸ ತೋರಿಸಿದ್ದು. ಮಾರ್ಚಲ್ಲಿ ಕೆಲ್ಸ ಹೋಯ್ತು ಅಂತ ಅಲ್ಲಿ ನಿಜಾನೇ ಹೇಳಿದೀನಿ. ನೂರು ಜನ ಬಂದಿದ್ರು, ಕೊನೇಗೆ ನನ್ನೂ ಸೇರಿಸಿ ಇಬ್ಬರನ್ನ ಉಳಿಸ್ಕೊಂಡಿದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಆಗೋವರ್ಗೂ ಬಾಯಿ ಬಿಡಬ್ಯಾಡ ಅಂದೋಳು ನೀನೇ ಅಲ್ವಾ?" ಹೇಮಶ್ರೀ ಅಳಲಿಲ್ಲ. ರಂಗರಾಜುವಿಗೆ ಎರಡು ಸಲ ಫೋನ್ ಮಾಡಿದಳು, ಆತ ಎತ್ತಲಿಲ್ಲ. "ಸ್ಟೋರ್ಸ್ ಕೆಲ್ಸ ಅಮ್ಮ. ಸುಳ್ಳು ಹೇಳೋರ ಕೈಗೆ ಬೀಗದ ಕೈ ಕೊಡ್ತಾರಾ?" ಎಂದು ಕೊರಳಿನ ಐಡಿ ಕಾರ್ಡ್ ತೆಗೆದು ಮೂಲೆಗೆ ಎಸೆದಳು. ಏಳು ತಿಂಗಳಲ್ಲಿ ಮಗಳು ಹಾಗೆ ಮಾಡಿದ್ದನ್ನು ಗಂಗಲಕ್ಷ್ಮಮ್ಮ ನೋಡಿರಲಿಲ್ಲ. ಬೇರೆಯವರ ದೃಷ್ಟಿಗೆ ಹೆದರಿ ತಾನೇ ಮಗಳ ಅನ್ನಕ್ಕೆ ಮಣ್ಣು ಹಾಕಿದೆನಲ್ಲ ಎಂದು ಹಣೆ ಚಚ್ಚಿಕೊಂಡಳು.

ಮರುದಿನ ಬೆಳಗ್ಗೆ ಮಗಳಿಗೆ ಹೇಳದೆ ಕುಣಿಗಲ್ ಬಸ್ಸು ಹತ್ತಿದಳು. ಕಂಪನಿಯ ಗೇಟಿನಲ್ಲಿ ಒಂದು ಗಂಟೆ ಕಾದ ಮೇಲೆ ರಂಗರಾಜು ಬಂದ. ಸೆಕ್ಯುರಿಟಿಯವನು, ಇಬ್ಬರು ಲಾರಿ ಡ್ರೈವರುಗಳು ನಿಂತು ನೋಡುತ್ತಿದ್ದರು. ಅವರೆಲ್ಲರ ಎದುರಿಗೇ, ಏಳು ತಿಂಗಳು ಗೋಡೆಗೂ ಕೇಳಿಸದಂತೆ ಕಾಪಾಡಿದ ಮಾತನ್ನು ಆಡಿದಳು.

"ನನ್ ಮಗಳ ಕೆಲ್ಸ ಹೋಗ್ಬುಟ್ಟದೆ ಸ್ವಾಮಿ. ಅವ್ಳು ನಿಜ ಹೇಳವ್ಳೆ. ಸುಳ್ಳು ಹೇಳಿದ್ದು ನಾನು. ನಿಮ್ಮನ್ನ ಗಂಡಿನ ಕಡೆಯೋರು ಅಂದ್ಕೊಂಡೆ."

ಡ್ರೈವರುಗಳು ನಕ್ಕರು. ರಂಗರಾಜು ನಗಲಿಲ್ಲ. "ನಿನ್ನೆ ಒಂದು ಹೇಳಿದ್ರಿ, ಇವತ್ತೊಂದು ಹೇಳ್ತೀರಿ. ಯಾವುದ್ನ ನಂಬೋದು?"

ಊರನ್ನೆಲ್ಲ ಅನುಮಾನಿಸಿದವಳಿಗೆ, ಇನ್ನೊಬ್ಬರ ಅನುಮಾನಕ್ಕೆ ಗುರಿಯಾಗಿ ನಿಲ್ಲುವುದು ಎಷ್ಟು ಕಷ್ಟ ಎಂದು ಆ ಬಿಸಿಲಿನಲ್ಲಿ ತಿಳಿಯಿತು. ಅವಳ ಕಣ್ಣು ತುಂಬಿದ್ದು ನೋಡಿ ಆತನ ದನಿ ಮೆತ್ತಗಾಯಿತು.

"ಹೋಗ್ಲಿ ಬಿಡಿ. ನಿಮ್ಮನೇಲಿ ಬರ್ಕೊಂಡಾಗ, ಈ ಹುಡುಗಿ ಬೇಡ ಅಂತ್ಲೇ ತೀರ್ಮಾನ ಮಾಡಿದ್ದೆ. ಆಮೇಲೆ ಎದುರು ಮನೆಯಮ್ಮನ್ನ ಕೇಳ್ದೆ. ಅವ್ರು ಹೇಳಿದ್ರು, 'ಅವಳ ಕೆಲ್ಸ ಹೋಗಿ ಏಳು ತಿಂಗಳಾಯ್ತು. ನಮ್ ತಂಗಿ ಮಗನ್ನೂ ಅದೇ ಫ್ಯಾಕ್ಟ್ರಿಯಿಂದ ಅವತ್ತೇ ಕಳಿಸಿದ್ರು. ಒಂದಿನಾನೂ ತಪ್ಪದಂಗೆ ಎಂಟು ಗಂಟೆಗೆ ಕೆಲ್ಸ ಹುಡುಕೋಕೆ ಹೊಂಟ್ಹೋಗ್ತಾಳೆ. ಕೆಲ್ಸ ಇಲ್ದಾಗಲೇ ಇಂಗಿರೋಳು, ಇದ್ದಾಗ ಹೆಂಗಿದ್ದಾಳು? ಅವ್ರಮ್ಮ ಬ್ಯಾರೆ ಏನಾರ ಹೇಳಿದ್ರೆ ಮನಸಿಗೆ ಹಾಕ್ಕೊಬ್ಯಾಡಿ. ಅದು ಮಾನಕ್ಕೆ ಹೇಳಿದ ಸುಳ್ಳು,' ಅಂತ. ಅನುಮಾನ ಇದ್ರೆ ಫೋನ್ ಮಾಡಿ ಅಂತ ನಂಬರ್ ಬೇರೆ ಕೊಟ್ರು. ಇಷ್ಟೊತ್ತಿಗೆ ಆಫೀಸಿಂದ ನಿಮ್ ಮಗಳಿಗೆ ಫೋನ್ ಹೋಗಿರ್ತದೆ. ಸೋಮವಾರ ಬಂದು ಸೇರ್ಕೊಳ್ಲಿ."

ವಾಪಸ್ ಬರುವ ಬಸ್ಸಿನಲ್ಲಿ ಗಂಗಲಕ್ಷ್ಮಮ್ಮ ದಾರಿಯುದ್ದಕ್ಕೂ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಗಿತ್ತು ಅವಳ ಗುಟ್ಟು. ಮಹಾಲಕ್ಷ್ಮಮ್ಮನಿಗೆ ಮೊದಲ ದಿನದಿಂದಲೂ ಗೊತ್ತು. ಗೊತ್ತಿದ್ದೂ ದಿನಾ ಬೆಳಗ್ಗೆ ಬೀದಿಗೆಲ್ಲ ಕೇಳುವ ಹಾಗೆ "ಡ್ಯೂಟಿಗೆ ಹೊಂಟ್ಯಾ?" ಎಂದು ಕೂಗಿದಳು. ಕೆದಕಲು ಅಲ್ಲ, ಬೀದಿಯನ್ನು ನಂಬಿಸಲು.

ಸೋಮವಾರ ಎಂಟು ಗಂಟೆಗೆ ಹೇಮಶ್ರೀ ಟಿಫನ್ ಬಾಕ್ಸ್ ಹಿಡಿದು ಹೊರಟಳು. ಎದುರು ಬಾಗಿಲಿನಿಂದ ಅದೇ ಕೂಗು ಬಂತು. ಮಗಳು "ಹೂಂ ಆಂಟಿ" ಎಂದು ನಗುತ್ತಾ ತಿರುವು ದಾಟಿದ ಮೇಲೆ ಗಂಗಲಕ್ಷ್ಮಮ್ಮ ರಸ್ತೆ ದಾಟಿ ಹೋಗಿ ನಿಂತಳು.

"ಮಹಾಲಕ್ಷ್ಮಕ್ಕ, ಹೇಮನ ಕೆಲ್ಸ ಹೋಗಿ ಏಳು ತಿಂಗಳಾಗಿತ್ತು. ಇವತ್ತಿಂದ ಕುಣಿಗಲ್‌ನಲ್ಲಿ ಹೊಸ ಕೆಲ್ಸ."

ಮಹಾಲಕ್ಷ್ಮಮ್ಮ ಸೊಪ್ಪಿನಿಂದ ತಲೆ ಎತ್ತಿ ಕಣ್ಣರಳಿಸಿದಳು.

"ಹೌದಾ ಗಂಗಕ್ಕಾ? ಅಯ್ಯೋ ಶಿವನೇ, ನಂಗೆ ಗೊತ್ತೇ ಇರ್ಲಿಲ್ಲ ನೋಡು!"

ಅಪ್ಪಟ ಸುಳ್ಳು. ಗಂಗಲಕ್ಷ್ಮಮ್ಮ ಪಕ್ಕದಲ್ಲಿ ಕೂತು, ಒಂದು ಹಿಡಿ ಸೊಪ್ಪನ್ನು ತನ್ನ ಮಡಿಲಿಗೆ ಹಾಕಿಕೊಂಡಳು.